ಪೊಲೀಸಮ್ಮ ಮತ್ತು ಅಕ್ಕನ ಭುಜ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸಿಟಿ ಸ್ಕ್ಯಾನ್ ಯಂತ್ರ ನಡೆಸುವ ಹೆಂಗಸನ್ನು ಎಲ್ಲರೂ ಪೊಲೀಸಮ್ಮ ಎಂದೇ ಕರೆಯುತ್ತಿದ್ದರು. ಹೊಟ್ಟೆಯ ಸ್ಕ್ಯಾನಿಗೆ ಯಾರು ಬಂದು ಮಲಗಿದರೂ ಅವಳ ಮೊದಲ ಮಾತು, "ಕೈ ಮೇಲೆತ್ತಿ." ಅಧಿಕಾರಿಯಾಗಲಿ ಆಳಾಗಲಿ, ಎರಡು ಕೈಯೂ ತಲೆಯ ಆಚೆ ಹೋಗಲೇಬೇಕು. ಕೈ ಪಕ್ಕದಲ್ಲೇ ಉಳಿದರೆ ಮೊಳಕೈ ಮೂಳೆಗಳು ಕಿರಣವನ್ನು ನುಂಗಿ, ಚಿತ್ರದಲ್ಲಿ ಹೊಟ್ಟೆಯ ಅಡ್ಡಕ್ಕೆ ಗೆರೆ ಬೀಳುತ್ತದೆ. ಅವಳ ಯಂತ್ರವೋ, ಎರಡು ಬಗೆಯ ಕಿರಣ ಹಾಯಿಸಿ, ಎರಡು ಚಿತ್ರಗಳನ್ನು ಹೋಲಿಸಿ, ನರಕ್ಕೆ ಕೊಟ್ಟ ಔಷಧಿ ಎಲ್ಲೆಲ್ಲಿ ಸೇರಿದೆಯೆಂದು ಬಣ್ಣದಲ್ಲಿ ತೋರಿಸುವಂಥದ್ದು. ಗೆರೆ ಬಿದ್ದಲ್ಲಿ ಅದರ ಲೆಕ್ಕ ತಪ್ಪಿ, ಇಲ್ಲದ ಬಣ್ಣವನ್ನೂ ಬಳಿದುಬಿಡುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಯಂತ್ರಕ್ಕೇ ಇರಬೇಕು.

ಆ ಕಟ್ಟುನಿಟ್ಟು ಸಡಿಲವಾದದ್ದು ಒಮ್ಮೆ ಮಾತ್ರ, ಅದೂ ಒಡಹುಟ್ಟಿದ ಅಕ್ಕನ ವಿಷಯದಲ್ಲಿ.

ಅಕ್ಕ ಬಟ್ಟೆ ಹೊಲಿಯುವವಳು. ಮೈಮೇಲೆ ಸದಾ ದಾರದ ಎಳೆ, ಬಾಯಿತುಂಬ ಮಾತು. ಅವಳಿಗಿದ್ದದ್ದು ಒಂದೇ ಕಿಡ್ನಿ. ಇನ್ನೊಂದು ಬಹಳ ವರ್ಷಗಳಿಂದ ಪೊಲೀಸಮ್ಮನ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿತ್ತು. ತಂಗಿಯ ಎರಡೂ ಕಿಡ್ನಿಗಳು ಕೈಕೊಟ್ಟಾಗ ಅಕ್ಕ ಹಿಂದೆಮುಂದೆ ನೋಡದೆ ಕೊಟ್ಟಿದ್ದಳು. "ನನ್ನ ಸಾಮಾನು ಹುಷಾರು" ಎಂದು ಆಗಾಗ ರೇಗಿಸುವುದು ಬಿಟ್ಟರೆ ಆ ಮಾತೆತ್ತಿದವಳಲ್ಲ.

ಈಗ ಉಳಿದ ಆ ಕಿಡ್ನಿಯಲ್ಲಿ ಒಂದು ಗುಳ್ಳೆ ಕಂಡಿತ್ತು. ಬರೀ ನೀರಿನದಾದರೆ ಔಷಧಿ ಹೀರುವುದಿಲ್ಲ, ಚಿಂತೆಯೂ ಇಲ್ಲ. ಹೀರಿದರೆ ಅದು ಗಡ್ಡೆ. ಇದ್ದೊಂದು ಕಿಡ್ನಿಗೂ ಕತ್ತರಿ ಬೀಳಬಹುದು.

ಯಂತ್ರದ ಹಲಗೆಯ ಮೇಲೆ ಮಲಗಿದ ಅಕ್ಕ ಬಲಗೈ ಎತ್ತಲು ಹೋಗಿ ಹಲ್ಲು ಕಚ್ಚಿದಳು. ಹೊಲಿದು ಹೊಲಿದು ಭುಜ ಹಿಡಿದುಕೊಂಡಿತ್ತು.

"ಆಗ್ತಿಲ್ಲ ಕಣೇ."

ಬೇರೆಯವರಾಗಿದ್ದರೆ ಪೊಲೀಸಮ್ಮ ದಿಂಬು ಕೊಟ್ಟು, ಪುಸಲಾಯಿಸಿ, ಗದರಿಸಿ, ಹೇಗಾದರೂ ಎತ್ತಿಸುತ್ತಿದ್ದಳು. ತನಗಾಗಿ ಒಮ್ಮೆ ಕೊಯ್ಯಿಸಿಕೊಂಡ ಮೈಯನ್ನು ಮತ್ತೆ ನೋಯಿಸಲು ಮನಸ್ಸು ಬರಲಿಲ್ಲ.

"ಬಿಡು ಅಕ್ಕ, ಎರಡೂ ಪಕ್ಕದಲ್ಲೇ ಇಟ್ಕೋ," ಎಂದಳು.

ಚಿತ್ರ ಬಂತು. ಗುಳ್ಳೆಯ ತುಂಬ ಕಿತ್ತಳೆ, ಔಷಧಿ ಸೇರಿದ ಬಣ್ಣ. ಚಿತ್ರ ಓದುವ ಡಾಕ್ಟರು ಪರದೆಯ ಹತ್ತಿರ ಬಗ್ಗಿದರು.

"ಇದೇನು, ಮೊಳಕೈಯಿಂದ ಮೊಳಕೈಗೆ ಗೆರೆ? ಕೈ ಕೆಳಗಿತ್ತಾ?"

"ಭುಜ ನೋವಿತ್ತು ಸರ್."

"ಬಣ್ಣ ನಿಜವೋ ಗೆರೆಯ ಕಿತಾಪತಿಯೋ ಹೇಳಕ್ಕಾಗಲ್ಲ. ಮತ್ತೆ ತೆಗೀಬೇಕು. ಆದ್ರೆ ಒಂದೇ ಕಿಡ್ನಿ, ಈ ಔಷಧಿ ಅದಕ್ಕೆ ಭಾರ. ಒಂದು ವಾರ ತಡೀಲಿ."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆ ವಾರವೆಲ್ಲ ಪೊಲೀಸಮ್ಮನಿಗೆ ಹೆದರಿಕೆ ಒಂದು ಪಾಲಾದರೆ ನಾಚಿಕೆ ಎರಡು ಪಾಲು. ಕೆಲಸ ಮುಗಿಸಿ ನೇರ ಅಕ್ಕನ ಅಂಗಡಿಗೆ ಹೋಗಿ, ಬಿಸಿ ಬಟ್ಟೆಯ ಶಾಖ ಕೊಟ್ಟು, ಅವಳ ಬೆರಳುಗಳನ್ನು ಗೋಡೆಯ ಮೇಲೆ ಇಷ್ಟಿಷ್ಟೇ ಹತ್ತಿಸುತ್ತಿದ್ದಳು. ಬೆರಳು ಮುಟ್ಟಿದ ಎತ್ತರಕ್ಕೆ ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೀಟೆಳೆಯುತ್ತಿದ್ದಳು.

"ಅವತ್ತೇ ಗದರಿಸಿ ಎತ್ತಿಸಬೇಕಿತ್ತು ಅಕ್ಕ. ತಪ್ಪು ನಂದು."

"ಈಗ ಗದರಿಸು. ಯಾರು ಬೇಡ ಅಂದ್ರು?"

ಎರಡನೆಯ ಸಲ ಪೊಲೀಸಮ್ಮ ಮುಖ ಗಂಟಿಕ್ಕಿಕೊಂಡೇ ನಿಂತಳು. "ಕೈ ಮೇಲೆತ್ತಿ."

"ಎತ್ತಿ ಅಂತೆ! ನಾನು ಯಾವಾಗಿಂದ ನಿಂಗೆ ಹೊರಗಿನವಳಾದೆ?"

ಪೊಲೀಸಮ್ಮ ನಗಲಿಲ್ಲ. ಭುಜದಡಿ ದಿಂಬು ತುರುಕಿ, ಕೈಯನ್ನು ಮೆಲ್ಲಗೆ ತಲೆಯಾಚೆ ಒಯ್ದು ಪಟ್ಟಿ ಬಿಗಿದಳು. ಅಕ್ಕನ ಕಣ್ಣಿನಿಂದ ನೀರು ಕಿವಿಗೆ ಹರಿಯಿತು. ನೋಡಿದಳು, ಸಡಿಲಿಸಲಿಲ್ಲ. "ಉಸಿರು ಹಿಡ್ಕೊಳ್ಳಿ. ಅಲುಗಬೇಡಿ."

ಚಿತ್ರದಲ್ಲಿ ಗೆರೆಗಳಿರಲಿಲ್ಲ. ಕಿಡ್ನಿಯೆಲ್ಲ ಕಿತ್ತಳೆ, ಅದರ ನಡುವೆ ಗುಳ್ಳೆ ಕಪ್ಪಗೆ, ಒಂದು ಹನಿ ಬಣ್ಣವಿಲ್ಲದೆ ಕೂತಿತ್ತು.

"ನೀರು. ಬರೀ ನೀರು," ಎಂದರು ಡಾಕ್ಟರು.

ಪೊಲೀಸಮ್ಮ ಒಳಗೆ ಓಡಿಬಂದು ಸುದ್ದಿ ಹೇಳಿ, ಹಲಗೆಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ಯಾಕೇ ಅಳ್ತೀಯ? ಕೊಟ್ಟಿದ್ದು ವಾಪಸ್ ಕೇಳ್ತೀನಿ ಅಂತ ಹೆದರಿದ್ಯಾ?"

"ಕೇಳಿದ್ರೆ ಕೊಡ್ತಿದ್ದೆ."

"ಆ ಹಳೇ ಸಾಮಾನು ಯಾರಿಗೆ ಬೇಕು! ಮೊದ್ಲು ಈ ಪಟ್ಟಿ ಬಿಚ್ಚಿ ಕೈ ಇಳಿಸು ಮಾರಾಯ್ತಿ, ಪ್ರಾಣ ಹೋಗ್ತಿದೆ."