ಹಸಿರು ಹಿಡಿಯದ ಬಾಗಿಲು

ಟೈಲರಮ್ಮನಿಗೆ ಕಾರಿಗೆ ಬಣ್ಣ ಹೊಡೆಯಲು ಬರುತ್ತದೆಂದು ಯಾರೂ ಹೇಳಿರಲಿಲ್ಲ. ಬರುವುದಿಲ್ಲವೆಂದು ಮಾತ್ರ ಬೀದಿಯ ಹತ್ತು ಜನ ಹೇಳಿದ್ದರು. ಎದುರು ಮನೆಯ ಮುದುಕರಂತೂ ನೋಡುವುದಕ್ಕೆಂದೇ ಕುರ್ಚಿ ಹೊರಗೆ ಹಾಕಿಕೊಂಡರು.

"ಏನಮ್ಮಾ, ಕಾರಿಗೂ ಅಂಗಿ ಹೊಲೀತೀಯಾ?"

"ಹೊಲೀತೀನಿ ತಾತ. ಬಟ್ಟೆ ಉಳಿದ್ರೆ ನಿಮ್ಮ ಬಾಯಿಗೂ ಒಂದು ಗುಂಡಿ ಹಾಕ್ಕೊಡ್ತೀನಿ."

ಕೆಲಸವೇನೋ ಅಚ್ಚುಕಟ್ಟು. ಹಳೇ ಪತ್ರಿಕೆಗಳನ್ನು ಗಾಜಿನ ಅಳತೆಗೆ ಕತ್ತರಿಸಿ, ಅಂಚಿಗೆ ಟೇಪು ಅಂಟಿಸಿದ್ದಳು. ಎಲ್ಲೂ ಒಂದು ನೆರಿಗೆಯಿರಲಿಲ್ಲ. ಶನಿವಾರ ಸಂಜೆ ಎಮರಿ ಪೇಪರಿನಲ್ಲಿ ಉಜ್ಜಿ ತೊಳೆಯುವುದು, ಭಾನುವಾರ ಬೆಳಿಗ್ಗೆ ಸ್ಪ್ರೇ ಡಬ್ಬಿ ಕುಲುಕಿ ಹಸಿರು ಹೊಡೆಯುವುದು. ವಾರಕ್ಕೊಂದು ಭಾಗ, ಅವಸರವಿಲ್ಲ.

ಕಾರು ಅವಳದಲ್ಲ, ಗಂಡನ ಮೊದಲ ಹೆಂಡತಿಯದು. ಆಕೆ ಆಸ್ಪತ್ರೆಯಲ್ಲಿ ನರ್ಸು. ಕಾಯಿಲೆಯಿಂದ ತೀರಿಕೊಂಡು ಮೂರು ವರ್ಷ. ಗಂಡನಿಗೆ ಗಾಡಿ ಓಡಿಸಲು ಬಾರದು, ಮಾರಲು ಮನಸ್ಸಿಲ್ಲ. ಹಾಗಾಗಿ ಆ ನೀಲಿ ಕಾರು ಮನೆ ಮುಂದೆ ನಿಂತೇ ಇತ್ತು. ಟೈಲರಮ್ಮ ಈ ಮನೆಗೆ ಬಂದು ಎರಡು ವರ್ಷವಾಯಿತು. ಮನೆಯಲ್ಲಿ ಹತ್ತು ವರ್ಷದ ಮಗಳಿದ್ದಳು. ಆ ಮಗು ಅವಳನ್ನು ಅಮ್ಮ ಎನ್ನಲಿಲ್ಲ, ಚಿಕ್ಕಮ್ಮ ಎನ್ನಲಿಲ್ಲ, ಏನೂ ಎನ್ನಲಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲವೆಂದರೆ ಉಹೂಂ, ಅಷ್ಟೇ. ಈಚೆಗೆ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದ ದಿನ ಟೈಲರಮ್ಮ ಹುರುಪಿನಿಂದ, "ಬಾ ಪುಟ್ಟಿ, ಸ್ಕೂಲಿಗೆ ಬಿಡ್ತೀನಿ" ಅಂದಿದ್ದಳು. ಹುಡುಗಿ ಒಮ್ಮೆ ಕಾರನ್ನು, ಒಮ್ಮೆ ಇವಳನ್ನು ನೋಡಿ, ಚೀಲ ಹೆಗಲಿಗೇರಿಸಿ ನಡೆದೇ ಹೋದಳು.

ಆ ನೀಲಿ ಇರುವವರೆಗೆ ಮೊದಲ ಹೆಂಡತಿ ಇಲ್ಲೇ ಇರುತ್ತಾಳೆ, ಹಸಿರು ಹೊಡೆದರೆ ಹೊರಟುಹೋಗುತ್ತಾಳೆ ಎಂದು ಅವತ್ತೇ ಟೈಲರಮ್ಮನ ತಲೆಗೆ ಬಂದದ್ದು. ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಬಾಯಿಬಿಡುವಂಥ ಮಾತೂ ಅಲ್ಲ ಬಿಡಿ.

ಮುಂಭಾಗ ಹಸಿರಾಯಿತು, ಹಿಂಭಾಗ ಹಸಿರಾಯಿತು. ತೊಂದರೆ ಶುರುವಾದದ್ದು ಡ್ರೈವರ್ ಬಾಗಿಲಲ್ಲಿ. ಹೊಡೆದ ಬಣ್ಣ ಅವಳ ಕಣ್ಣೆದುರೇ ಹಿಂದೆ ಸರಿಯಿತು. ಹಿಡಿಕೆಯ ಪಕ್ಕ ನೀಲಿ ಬಾಯಿಬಿಟ್ಟಿತು. ಐದು ಬೆರಳು, ಒಂದು ಅಂಗೈ.

"ಎಣ್ಣೆ ಜಿಡ್ಡು ಇದ್ರೆ ಬಣ್ಣ ಹಿಡಿಯಲ್ಲ ಮೇಡಂ, ಚೆನ್ನಾಗಿ ಒರೆಸಿ ಹೊಡೀರಿ," ಎಂದ ಪೇಂಟ್ ಅಂಗಡಿಯವನು. ಮುಂದಿನ ಶನಿವಾರ ಅವಳು ಥಿನ್ನರ್ ಹಾಕಿ ತೋಳು ಬೀಳುವಂತೆ ಉಜ್ಜಿದಳು. ಭಾನುವಾರ ಹೊಡೆದಳು. ಅದೇ ಕೈ, ಅದೇ ಜಾಗ.

ಗಂಡನನ್ನು ಕರೆದು ತೋರಿಸಿದಳು. ಅವನ ಮುಖ ಬಿಳಿಚಿಕೊಂಡಿತು.

"ಗಾಡಿ ತೆಗೆಯೋ ಮುಂಚೆ ಅವಳು ಅಲ್ಲೇ ಕೈ ಇಡ್ತಿದ್ಳು. ಇಟ್ಟು 'ಹೊರಡೋಣ್ವಾ' ಅಂತಿದ್ಳು. ಆಸ್ಪತ್ರೇಲಿ ತೊಳೆದೂ ತೊಳೆದೂ ಕೈ ಒಡೀತಿತ್ತಲ್ಲ, ಯಾವಾಗ್ಲೂ ಕ್ರೀಮು ಹಚ್ಕೊಂಡೇ ಇರ್ತಿದ್ಳು." ಬಾಗಿಲಿನಿಂದ ಕಣ್ಣು ತೆಗೆದು ಅಂದ: "ಬಿಟ್ಬಿಡು ಮಾರಾಯ್ತಿ. ನೀಲೀನೇ ಇರ್ಲಿ."

ದೆವ್ವದ ಮಾತೆತ್ತಿದರೆ ನಗುತ್ತಿದ್ದವಳು ಆ ವಾರವಿಡೀ ನಗಲಿಲ್ಲ. ಅಂಗಡಿಯಲ್ಲಿ ಪ್ಯಾಂಟಿನ ಕಾಲು ಮಡಿಸುವಾಗ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಮನೆಗೆ ಬಂದರೆ ಆ ಬಾಗಿಲಿನತ್ತ ಬೆನ್ನು ಹಾಕಲು ಭಯ. ಆಕೆಯ ಮನೆಯಲ್ಲಿದ್ದುಕೊಂಡು ಆಕೆಯನ್ನೇ ಓಡಿಸಲು ಹೊರಟೆನಲ್ಲ ಎಂಬ ಅಳುಕು. ಆದರೂ ಹಟ ನೋಡಿ, ಮೂರನೇ ಭಾನುವಾರವೂ ಹೊಡೆದಳು. ಕೈ ಮತ್ತೆ ಮೂಡಿತು.

ತನ್ನ ಕೈಯನ್ನು ಅದರ ಹತ್ತಿರ ಹಿಡಿದಳು. ಇವಳ ಬೆರಳುಗಳು ಎಷ್ಟೋ ಮುಂದೆ ಹೋದವು. ದೊಡ್ಡವರ ಕೈ ಇಷ್ಟು ಚಿಕ್ಕದಿರುತ್ತದೆಯೇ? ಕೊರಳಲ್ಲಿದ್ದ ಅಳತೆ ಟೇಪು ಇಳಿಸಿ ಹಿಡಿದಳು. ಅಂಗೈ ಅಗಲ ಎರಡೂಮುಕ್ಕಾಲು ಇಂಚು. ಆ ಅಳತೆಯನ್ನು ಅವಳು ಹೋದ ತಿಂಗಳಷ್ಟೇ ಬರೆದುಕೊಂಡಿದ್ದಳು, ಮಗಳ ಯೂನಿಫಾರ್ಮಿನ ತೋಳನ್ನು ಅಂಗೈ ತೂರುವಂತೆ ಹೊಲಿಯುವಾಗ.

ನಾಲ್ಕನೇ ಭಾನುವಾರ ಬೆಳಕು ಹರಿಯುವಾಗಲೇ ಪರದೆಯ ಹಿಂದೆ ನಿಂತಳು. ಹುಡುಗಿ ಬರಿಗಾಲಲ್ಲಿ ಹೊರಗೆ ಬಂದಳು. ಕೈಯಲ್ಲಿ ಕ್ರೀಮಿನ ಡಬ್ಬಿ. ಬೆರಳಿನಿಂದ ತಳ ಕೆರೆದು ಅಂಗೈಗೆ ಹಚ್ಚಿ, ಬಾಗಿಲ ಮೇಲೆ ಒತ್ತಿ, ಮೆಲ್ಲಗೆ ಅಂದಳು: "ಹೊರಡೋಣ್ವಾ?"

ಟೈಲರಮ್ಮ ಹೊರಗೆ ಬಂದಳು. ಹುಡುಗಿ ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಬೈಯಲ್ಲ ಪುಟ್ಟಿ. ಯಾಕೆ ಹೀಗೆ ಮಾಡ್ತೀಯಾ, ಅಷ್ಟು ಹೇಳು."

ಎರಡು ವರ್ಷದ ಮಾತೆಲ್ಲ ಒಟ್ಟಿಗೆ ಬಂತು. "ನೀವು ಹಸಿರು ಮಾಡಿದ್ರೆ ಅಮ್ಮಂಗೆ ನಮ್ಮ ಕಾರು ಗುರುತೇ ಸಿಗಲ್ಲ. ಬಂದ್ರೂ ಬೇರೆಯವರದು ಅಂದ್ಕೊಂಡು ಹೋಗ್ಬಿಡ್ತಾಳೆ."

ತಾನು ಬಯಸಿದ್ದೂ ಅದನ್ನೇ ತಾನೇ? ಟೈಲರಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ಈ ಜಾಗ ನೀಲಿಯಾಗೇ ಬಿಡೋಣ," ಎಂದಳು. "ಕೈ ಆಕಾರಕ್ಕೆ ಕಾಗದ ಕತ್ತರಿಸಿ ಅಂಟಿಸಿ, ಸುತ್ತ ಹಸಿರು ಹೊಡೀತೀನಿ."

"ಇದು ನನ್ನ ಕೈ. ಅಮ್ಮಂದು ದೊಡ್ಡದು." ಹುಡುಗಿ ಗಾಳಿಯಲ್ಲಿ ಅಳತೆ ತೋರಿಸಲು ಹೋಗಿ ನಿಂತಳು. "ಎಷ್ಟು ದೊಡ್ಡದು ಅಂತ ನಂಗೆ ಮರೆತೋಗಿದೆ." ಅಲ್ಲಿಗೆ ಅವಳಿಗೆ ಅಳು ಬಂತು.

ಟೈಲರಮ್ಮ ಕಾರಿನ ಬಾಗಿಲು ತೆಗೆದಳು. ಸ್ಟಿಯರಿಂಗಿನ ಮೇಲೆ ಹಳೇ ಕಪ್ಪು ಕವರು. ಆಕೆ ವರ್ಷಗಟ್ಟಲೆ ಹಿಡಿದ ಎರಡು ಕಡೆ ಅದು ಸವೆದು ಹೊಳೆಯುತ್ತಿತ್ತು. ಆಕೆಯ ನಂತರ ಯಾರೂ ಅದನ್ನು ಮುಟ್ಟಿರಲಿಲ್ಲ. ಸವೆದ ಜಾಗಕ್ಕೆ ಟೇಪು ಹಿಡಿದು, ಬಟ್ಟೆ ಅಂಗಡಿಯಲ್ಲಿ ಹೇಳುವ ಹಾಗೇ ಹೇಳಿದಳು: "ಮೂರು ಇಂಚು. ಮೇಲೊಂದು ನೂಲು, ಇಂಚಿನ ಎಂಟರಲ್ಲೊಂದು ಪಾಲು."

ಹುಡುಗಿ ಟೇಪಿನ ಆ ಗುರುತಿನ ಮೇಲೆ ಉಗುರಿಟ್ಟು ಬಹಳ ಹೊತ್ತು ಹಿಡಿದುಕೊಂಡಳು.

ಬಾಗಿಲನ್ನು ನೀಲಿ ಬರುವವರೆಗೆ ಉಜ್ಜಿ, ಕಾಗದದ ಕೈಯನ್ನು ಅಂಟಿಸಿದವಳು ಹುಡುಗಿ. ಹಸಿರು ಹೊಡೆದವಳು ಟೈಲರಮ್ಮ. ಒಣಗಿದ ಮೇಲೆ ಕಾಗದ ಕಿತ್ತರೆ, ಮೂರಿಂಚಿನ ನೀಲಿ ಕೈ ಹಾಗೇ ಉಳಿದಿತ್ತು. ಎದುರು ಮನೆಯ ಮುದುಕರು ಕುರ್ಚಿ ಎತ್ತಿಕೊಂಡು ಒಳಗೆ ಹೋದರು.

ಸೋಮವಾರ ಹುಡುಗಿ ಆ ಕೈಯ ಮೇಲೆ ಕೈಯಿಟ್ಟು, ಹೇಳುವ ಮಾತು ಹೇಳಿ, ಬಂದು ಮುಂದಿನ ಸೀಟಿನಲ್ಲಿ ಕೂತಳು. ಟೈಲರಮ್ಮ ಸ್ಟಿಯರಿಂಗ್ ಹಿಡಿಯಲು ಹೋದಳು. ಕೈಗಳು ತಾವಾಗಿ ಸವೆದ ಜಾಗಕ್ಕೇ ಹೋದವು. ಅವಳು ಅವನ್ನು ತೆಗೆದು ಸ್ವಲ್ಪ ಕೆಳಗೆ ಹಿಡಿದಳು. ಆ ಎರಡು ಜಾಗವನ್ನು ಹಾಗೇ ಖಾಲಿ ಬಿಟ್ಟು ಶಾಲೆಯವರೆಗೂ ಓಡಿಸಿದಳು.