ಕೈಪಿಡಿ ನಂಬಿ ಬ್ಯಾರಲ್ ಬರಿದು ಮಾಡಿದ್ದು

ನನಗೊಂದು ಚಟವಿದೆ. ಪ್ರೋಗ್ರಾಮಿಂಗ್ ಭಾಷೆಗಳ ಕೈಪಿಡಿಗಳಲ್ಲಿ ಸಣ್ಣಪುಟ್ಟ ತಪ್ಪು ಹುಡುಕಿ ತಿದ್ದುವುದು. ಈ ಕೈಪಿಡಿಗಳು ಇಂಟರ್ನೆಟ್ಟಿನಲ್ಲಿರುತ್ತವೆ. ತಪ್ಪು ಕಂಡವರು ಯಾರಾದರೂ ತಿದ್ದಿ ಕಳಿಸಬಹುದು, ನೋಡಿಕೊಳ್ಳುವವರು ಒಪ್ಪಿದರೆ ಸೇರಿಸುತ್ತಾರೆ. ಸಂಬಳವಿಲ್ಲ, ಶಾಲು-ಹಾರವಿಲ್ಲ. ಬೆಟಗೇರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಇದರಲ್ಲಿ ಸಿಗುವ ಸುಖ ಬೇರೆಯವರಿಗೆ ಬಿಸಿ ಮಿರ್ಚಿ-ಗಿರಮಿಟ್ಟಿನಲ್ಲಿ ಸಿಗುತ್ತದೆ. "ಯಾರದೋ ಮನಿ ಕಸಾ ನೀವ್ಯಾಕ ಹೊಡೀತೀರಿ?" ಎಂದು ನನ್ನ ಹೆಂಡತಿ ಕಸ್ತೂರಿ ಕೇಳುತ್ತಲೇ ಇರುತ್ತಾಳೆ.

ಹೋದ ಬೇಸಿಗೆಯಲ್ಲಿ ಆ ಕಸ ನಮ್ಮ ಓಣಿಗೇ ಬಂತು. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ, ಹತ್ತು ದಿನಕ್ಕೊಮ್ಮೆ ಪಾಳಿ ಬಂದಾಗ ಬರುತ್ತದೆ. ಹಿಂದಿನ ದಿನ ಬ್ಯಾರಲ್ಲಿನ ತಳದ ನೀರು ಚೆಲ್ಲಿ, ತಿಕ್ಕಿ ತೊಳೆದು, ಬೋರಲು ಹಾಕುವುದು ಪದ್ಧತಿ. ದಿನ ಎಣಿಸಲು ಯಾರಿಗೂ ಕಂಪ್ಯೂಟರ್ ಬೇಕಿಲ್ಲ. ಆದರೆ ಕಂಪ್ಯೂಟರಿನಲ್ಲೇ ಎಣಿಸದಿದ್ದರೆ ನಾನು ಕಲಿತು ಏನು ಬಂತು? ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದರ ಕೈಪಿಡಿ ತೆರೆದು, ಅದರಲ್ಲಿದ್ದಂತೆಯೇ ಪ್ರೋಗ್ರಾಮ್ ಬರೆದೆ. ಒಂದರಿಂದ ಹತ್ತರವರೆಗೆ ಎಂದರೆ ಹತ್ತೂ ಸೇರುತ್ತದೆ ಎಂದು ಅದು ಹೇಳಿತ್ತು. ನಂಬಿದೆ. ನಾಳೆಯೇ ನೀರು ಎಂದು ಓಣಿಗೆಲ್ಲ ಸಾರಿದೆ.

ಓಣಿ ನಕ್ಕಿತು. ನಂಬಿದವರು ಪಕ್ಕದ ಮನೆಯ ರಜಿಯಾಬಿ ಒಬ್ಬರೇ. ಬ್ಲೌಸು ಹೊಲಿಯುವ ಅವರ ಮಗಳನ್ನು ನೋಡಲು ಮರುದಿನ ಲಕ್ಷ್ಮೇಶ್ವರದಿಂದ ಗಂಡಿನ ಕಡೆಯವರು ಬರುವವರಿದ್ದರು. ಹೊಸ ನೀರಿನಲ್ಲೇ ಅಡಿಗೆಯಾಗಲಿ ಎಂದು ಅವರು ಇದ್ದದ್ದನ್ನೆಲ್ಲ ಚೆಲ್ಲಿದರು. ನಾನೂ ಚೆಲ್ಲಿದೆ, ಕಸ್ತೂರಿ ಬೇಡವೆಂದರೂ.

ಬೆಳಿಗ್ಗೆ ನಳ ತಿರುವಿದರೆ ಬುಸ್ಸೆಂದು ಗಾಳಿ. ಕಂಪ್ಯೂಟರಿನ ಮುಂದೆ ಕುಳಿತು ನೋಡಿದಾಗ ಗೊತ್ತಾಯಿತು: ಆ ಭಾಷೆ ಒಂಬತ್ತಕ್ಕೇ ನಿಲ್ಲುತ್ತದೆ, ಹತ್ತನ್ನು ಸೇರಿಸಿಕೊಳ್ಳುವುದೇ ಇಲ್ಲ. ಕೈಪಿಡಿಯೇ ತಪ್ಪು. ನನ್ನ ಲೆಕ್ಕದ ನೀರು ಒಂದು ದಿನ ಮೊದಲೇ ಬಂದುಬಿಟ್ಟಿತ್ತು.

"ಸರ, ಅವರು ಬರೋ ಹೊತ್ತಾತು. ಕೈ ತೊಳ್ಯಾಕರ ನೀರ ಬೇಕಲ್ರಿ?" ರಜಿಯಾಬಿ ಬಾಗಿಲಿಗೆ ಬಂದು ಕೇಳಿದರು. ಕೊಡ ಹಿಡಿದು ಮನೆಮನೆಗೆ ಓಡಿದೆ. ಯಾರ ಮನೆಯಲ್ಲೂ ನೀರಿಗೆ ಕೊರತೆಯಿರಲಿಲ್ಲ, ಯಾಕೆಂದರೆ ಯಾರೂ ನನ್ನನ್ನು ನಂಬಿರಲಿಲ್ಲ! "ತಗೊಳ್ರಿ ಸರ, ನಿಮ್ಮ ಕಂಪ್ಯೂಟರಿಗೂ ಒಂದ ತಂಬಿಗಿ ಕುಡಸ್ರಿ," ಎಂದರು ಮೂಲೆಮನೆಯ ಶಂಕ್ರವ್ವ. ಅಂತೂ ಬಂದವರು ಉಂಡು, ಹುಡುಗಿಯನ್ನು ಒಪ್ಪಿ ಹೋದರು.

ಅಂದೇ ತಿದ್ದುಪಡಿ ಕಳಿಸಿದೆ. ಆಚೆಯಿಂದ ಯಾರೋ ಉತ್ತರ ಬರೆದರು: ಸಣ್ಣ ವಿಷಯ, ಬೇಕಾದವರು ತಾವೇ ಪ್ರೋಗ್ರಾಮ್ ಓಡಿಸಿ ನೋಡಿ ತಿಳಿದುಕೊಳ್ಳುತ್ತಾರೆ. ನನಗೆ ಸಿಟ್ಟು ನೆತ್ತಿಗೇರಿತು. ಓಡಿಸಿ ನೋಡುವವರಿಗೆ ಕೈಪಿಡಿ ಯಾಕೆ ಬೇಕು? ಅದನ್ನು ಬರೆಯುವುದೇ ನಂಬುವವರಿಗಾಗಿ. ಅನುಮಾನದವರು ಹೇಗೋ ಬಚಾವಾಗುತ್ತಾರೆ, ಬರಿದಾಗುವುದು ನಂಬಿದವರ ಬ್ಯಾರಲ್ಲು. ಹಾಗೆಂದೇ ಬರೆದೆ, ನಮ್ಮೂರಲ್ಲಿ ಬ್ಯಾರಲ್ಲು ಎಂದರೇನೆಂದೂ ಉದ್ದಕ್ಕೆ ವಿವರಿಸಿದೆ. ಒಪ್ಪಿದರು. ಈಗ ಆ ಸಾಲು ಸರಿಯಾಗಿದೆ, ಧಾರಾಳವಾಗಿ ನಂಬಬಹುದು.

ಮುಂದಿನ ಪಾಳಿಗೆ ಪ್ರೋಗ್ರಾಮ್ ಸರಿಪಡಿಸಿಕೊಂಡೆ, ಆದರೆ ಯಾರಿಗೂ ಸಾರಲು ಹೋಗಲಿಲ್ಲ. ರಜಿಯಾಬಿಯೇ ಗೋಡೆಯಾಚೆಯಿಂದ ಕೇಳಿದರು:

"ನೀರ ಯಾವಾಗ್ರಿ ಸರ?"

"ನಾಳೆ. ಆದ್ರ ಇದ್ದ ನೀರ ಚೆಲ್ಲಬ್ಯಾಡ್ರಿ, ಬಂದ ಮ್ಯಾಲ ನೋಡೂಣು."

"ನೀವ ತಿದ್ದೀರಲ್ರಿ? ಮತ್ಯಾಕ ಅಂಜತೀರಿ?" ಎಂದವರೇ ಬ್ಯಾರಲ್ ಬೋರಲು ಹಾಕಿಯೇಬಿಟ್ಟರು.

ನಗುವ ಓಣಿಯನ್ನು ತಾಳಿಕೊಳ್ಳಬಹುದು, ನಂಬುವ ಒಬ್ಬರನ್ನು ತಾಳಿಕೊಳ್ಳುವುದು ಕಷ್ಟ. ಮರುದಿನ ನಸುಕಿನಲ್ಲಿ ನಳ ಗುಳುಗುಳು ಎಂದಾಗ ರಜಿಯಾಬಿ ನಿಶ್ಚಿಂತೆಯಿಂದ ಮಲಗಿದ್ದರು. ನಳದ ಮುಂದೆ ಎದ್ದು ಕುಳಿತಿದ್ದವನು ನಾನು.