ಎರಡು ಇಂಚು ಬೆನ್ನು

ನಾನು ಓದಿದ ಕಾನ್ವೆಂಟಿನಲ್ಲಿ ಸೋಮವಾರದ ಪ್ರಾರ್ಥನೆ ಮುಗಿದ ಮೇಲೆ ಹುಡುಗಿಯರೆಲ್ಲ ಸಾಲಾಗಿ ಮಂಡಿಯೂರಬೇಕಿತ್ತು. ಸ್ಕರ್ಟಿನ ಅಂಚು ನೆಲಕ್ಕೆ ತಾಗಿದರೆ ಸರಿ. ತಾಗದಿದ್ದವಳ ಮೀನಖಂಡಕ್ಕೆ ಮರದ ಸ್ಕೇಲಿನ ಏಟು. ಏಟು ಬೀಳುವ ಮುಂಚೆ ಸಿಸ್ಟರ್ ಮೆಲ್ಲಗೆ ಕೇಳುತ್ತಿದ್ದರು: “ಫ್ಯಾಶನ್ ಮಾಡ್ತೀಯಾ?” ಬೆಳೆಯುವ ವಯಸ್ಸಿನಲ್ಲಿ ಕಾಲು ಉದ್ದವಾಗಿ ಸ್ಕರ್ಟು ಗಿಡ್ಡವಾದದ್ದೂ ಫ್ಯಾಶನ್ನೇ ಆಗಿತ್ತು. ಇವತ್ತಿಗೂ ಆ ಪದ ಕಿವಿಗೆ ಬಿದ್ದರೆ ನನ್ನ ಕಾಲು ತಾನಾಗಿ ಬಿಗಿಯುತ್ತದೆ.

ಈಗ ಯಲಹಂಕದ ನಮ್ಮ ರಸ್ತೆಯೇ ಫ್ಯಾಶನ್ ಆಗಿದೆ. ಹಿಟ್ಟಿನ ಗಿರಣಿ ಇದ್ದಲ್ಲಿ ಕೆಫೆ ಬಂದಿದೆ. ಅದರ ಗೋಡೆಯ ಗಾರೆ ಕಿತ್ತು ಇಟ್ಟಿಗೆ ಕಾಣುವಂತೆ ಮಾಡಲು ಮೂರು ದಿನ ಸುತ್ತಿಗೆ ಬಡಿದರು. ಪಕ್ಕದ ಟೈಲರ್ ಕೂಡ ‘ಲೇಡೀಸ್ ಟೈಲರ್’ ಬೋರ್ಡು ಇಳಿಸಿ ‘ಬೊಟಿಕ್’ ಅಂತ ಬರೆಸಿದರು, ಗಾಜಿನ ಬಾಗಿಲು ಹಾಕಿಸಿದರು. ರಾಜಾನುಕುಂಟೆ ಕಡೆಯ ಆ ಮನುಷ್ಯ ತಮ್ಮದೇ ಬಾಗಿಲಿಗೆ ಎರಡು ಸಲ ಹಣೆ ಬಡಿಸಿಕೊಂಡು, “ಬೋರ್ಡ್ ಬದ್ಲಾಯ್ತು ಮೇಡಮ್, ಕತ್ರಿ ಅದೇ” ಎಂದು ನಗುತ್ತಿದ್ದರು.

ಅವರ ಅಂಗಡಿಯಲ್ಲಿ ಯಾರೂ ಬರೆದಿಡದ ಒಂದು ಪದ್ಧತಿ ಇತ್ತು. ಮದುವೆ ಹುಡುಗಿ ಫೋನಿನಲ್ಲಿ ಫೋಟೋ ತೋರಿಸಿ, ಬೆನ್ನು ಇಷ್ಟು ಇಳಿಯಬೇಕು, ತೋಳು ಇಷ್ಟೇ ಇರಬೇಕು ಎಂದು ಹೇಳಿ ಹೊರಗೆ ಹೋಗುತ್ತಾಳೆ. ಆಮೇಲೆ ಅವಳ ತಾಯಿ, ಕೊಡೆಯನ್ನೋ ಚೀಲವನ್ನೋ ಮರೆತವಳಂತೆ ಒಬ್ಬಳೇ ವಾಪಸ್ ಬರುತ್ತಾಳೆ. ಏನೋ ಪಿಸುಗುಡುತ್ತಾಳೆ. ಟೈಲರ್ ತಲೆಯಾಡಿಸುತ್ತಾರೆ. ಹೊಲಿಯುವುದು ತಾಯಿ ಹೇಳಿದ ಹಾಗೆ; ಬೈಸಿಕೊಳ್ಳುವುದು “ಅಳತೆ ತಪ್ಪಿತು” ಅಂತ. ನನ್ನ ಮಗಳ ಮದುವೆಗೆ ನಾನೂ ಹೀಗೆ ಕೊಡೆ ಮರೆತಿದ್ದೆ.

ಕಳೆದ ವರ್ಷ ನಾನು ಪರದೆಯ ಹಿಂದೆ ಬ್ಲೌಸ್ ಹಾಕಿ ನೋಡುತ್ತಿದ್ದಾಗ, ಪುಟ್ಟೇನಹಳ್ಳಿಯ ಒಬ್ಬ ತಾಯಿ ಹಾಗೇ ವಾಪಸ್ ಬಂದರು. ಹಳೇ ಒಕ್ಕಲು ಮನೆಯವರು; ಹೊಲ ಈಗ ಲೇಔಟು. ಆಕೆ ನನ್ನನ್ನು ಗಮನಿಸಿರಲಿಲ್ಲ.

“ಬೆನ್ನು ಎರಡಿಂಚು ಏರ್ಸಿಬಿಡಪ್ಪ. ಮಗೀಗೆ ಅಲ್ಲೊಂದು ಬಾಸುಂಡೆ ಕಲೆ ಐತೆ. ಅವ್ರಣ್ಣ ಬೆಲ್ಟ್‌ನಾಗೆ ಒಡ್ದಿದ್ದು.”

“ಯಾತಕ್ಕಕ್ಕಾ?”

“ಯಾವನ ತಾವೋ ಫೋನ್‌ನಾಗೆ ಮಾತಾಡ್ತಿದ್ಲು ಅಂತ. ಯಾರ್ಗೂ ಅನ್ಬೇಡ. ಗಂಡಿನ ಕಡೆಯೋರು ನೋಡುದ್ರೆ ಕೇಳ್ತಾರೆ.”

“ಆಯ್ತಕ್ಕಾ. ನನ್ ತಪ್ಪು ಅಂತ್ಲೇ ಇರ್ಲಿ.”

ಆಕೆ ತಮ್ಮ ರವಿಕೆಯ ಉದ್ದ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಹೋದದ್ದನ್ನು ಪರದೆಯ ಸಂದಿಯಿಂದ ನೋಡಿದೆ. ಆ ತೋಳು ಏನನ್ನು ಮುಚ್ಚಿತ್ತು ಎಂದು ನಾನು ಯೋಚಿಸಿದ್ದು ಆಮೇಲೆ.

ಹತ್ತು ದಿನ ಕಳೆದು, ಒಂದು ಮಧ್ಯಾಹ್ನ, ನಾನು ಸೀರೆಗೆ ಫಾಲ್ ಹಾಕಿಸಿಕೊಳ್ಳಲು ಕಾದು ಕೂತಿದ್ದೆ. ದೊಡ್ಡ ಕಾರು ನಿಂತಿತು. ಹುಡುಗಿ ಕಾರಿನಲ್ಲೇ ಉಳಿದಳು. ಬಾಗಿಲು ತಳ್ಳಿಕೊಂಡು ಬಂದವನು ಅವಳ ಅಣ್ಣ, ಕೈಯಲ್ಲಿ ಆ ಬ್ಲೌಸು. ಹಿಂದೆ ಅದೇ ತಾಯಿ.

“ಏನ್ಲಾ ಇದು? ಅಳ್ತಾ ಕೂತವ್ಳೆ. ನಾಳೆ ರಿಸೆಪ್ಶನ್ನು. ದೊಡ್ ದೊಡ್ಡೋರೆಲ್ಲ ಬರ್ತಾರೆ, ನನ್ ತಂಗಿ ಅಜ್ಜಿ ಜಾಕೀಟ್ ಆಕೊಂಡು ನಿಂತ್ಕಬೇಕಾ?”

“ಅಳತೆ ತಪ್ಪೋಯ್ತಣ್ಣಾ. ಕೊಡಿ, ಈಗ್ಲೇ...”

ಮಾತು ಮುಗಿಯಲಿಲ್ಲ. ಕೆನ್ನೆಗೆ ಬಿದ್ದ ಏಟಿಗೆ ಟೈಲರ್ ಬಾಯಲ್ಲಿದ್ದ ಗುಂಡುಪಿನ್ನು ತುಟಿಗೆ ಚುಚ್ಚಿಕೊಂಡಿತು. ಅವನು ಸ್ಟೂಲು ಎತ್ತಿ ಗಾಜಿನ ಬಾಗಿಲಿಗೆ ಬೀಸಿದ. ಗಾಜು ಬೀಳುವಾಗ ಅಕ್ಕಿ ಸುರಿದ ಹಾಗೆ ಸದ್ದಾಯಿತು. ಮಷೀನನ್ನು ಒದ್ದು ಕೆಡವಿದ. ನೀಲಿ ದಾರದ ಉಂಡೆಯೊಂದು ಬಿಚ್ಚಿಕೊಳ್ಳುತ್ತ ನನ್ನ ಚಪ್ಪಲಿವರೆಗೆ ಉರುಳಿ ಬಂತು.

ನಾನು ಬಾಯಿ ತೆರೆದೆ. ತಾಯಿ ನನ್ನತ್ತ ತಿರುಗಿದರು. ಬೇಡ ಎಂದು ತಲೆಯನ್ನೂ ಆಡಿಸಲಿಲ್ಲ, ಸುಮ್ಮನೆ ನೋಡಿದರು. ನಾನು ಹೇಳಿದರೆ ಆ ಕೈ ಯಾರ ಮೇಲೆ ಬೀಳುತ್ತದೆ ಎಂದು ಗೊತ್ತಾಯಿತು. ಬಾಯಿ ಮುಚ್ಚಿದೆ.

“ಯಾವ ಕೈಲಿ ಕತ್ರಿ ಇಡೀತೀಯಾ? ಇದೇ ಅಲ್ವಾ?”

ಅವನು ಟೈಲರ್‌ನ ಬಲಗೈಯನ್ನು ಮೇಜಿಗೆ ಒತ್ತಿ, ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡ. ಅದರ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಟೈಲರ್ ಒಂದು ಸಲ ತಾಯಿಯನ್ನು ನೋಡಿದರು. ತಾಯಿ ನೆಲ ನೋಡುತ್ತಿದ್ದರು.

“ತಪ್ಪು ನಂದೇ ಅಣ್ಣಾ” ಅಂದರು ಟೈಲರ್.

ನನ್ನ ಬಾಯಿಂದ ಕೊನೆಗೂ ಬಂದದ್ದು “ಪ್ಲೀಸ್” ಎಂಬ ಒಂದೇ ಪದ. ಸಿಸ್ಟರ್‌ಗಳು ಕಲಿಸಿದ್ದು, ಮೆತ್ತಗೆ ಹೇಳಿದೆ. ಇಸ್ತ್ರಿ ಕೆಳಗಿಳಿಯಿತು. ಸುಟ್ಟ ಚರ್ಮದ ವಾಸನೆಗೆ ಸುಟ್ಟ ರೇಷ್ಮೆಯ ವಾಸನೆಯೇ ಇರುತ್ತದೆ ಎಂದು ಅವತ್ತು ತಿಳಿಯಿತು.

ಕೂಗು ಕೇಳಿ ಹುಡುಗಿ ಕಾರಿನಿಂದ ಓಡಿ ಬಂದಳು. ಟೈಲರ್ ಕೈ ನೋಡಿದಳು, ಅಣ್ಣನ ಕೈಯಲ್ಲಿದ್ದ ಇಸ್ತ್ರಿ ನೋಡಿದಳು. ತಾಯಿಯ ಮುಖ ನೋಡಿದಾಗ ಅವಳಿಗೆ ಎಲ್ಲ ಅರ್ಥವಾಯಿತು.

“ನೀನಾ ಅಮ್ಮಾ, ಏರ್ಸು ಅಂದಿದ್ದು?”

ಹುಡುಗಿ ಮೇಜಿನ ಮೇಲಿದ್ದ ದೊಡ್ಡ ಕತ್ತರಿ ತೆಗೆದುಕೊಂಡಳು. ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಅವನ ಹತ್ತಿರವೂ ಹೋಗಲಿಲ್ಲ. ನೆಲದಲ್ಲಿ ಬಿದ್ದಿದ್ದ ಬ್ಲೌಸ್ ಎತ್ತಿ, ಗಾಜಿನ ಚೂರು ಕೊಡವಿ, ಬೆನ್ನಿನ ಮೇಲ್ತುದಿಯನ್ನು ಕಚಕಚನೆ ಕತ್ತರಿಸಿದಳು. ಎರಡಿಂಚಿಗಿಂತ ಜಾಸ್ತಿಯೇ ಹೋಯಿತು.

“ಕಾಣ್ಲಿ ಅಂತ್ಲೇ ಅಷ್ಟು ಇಳಿಸೋಕೆ ಹೇಳಿದ್ದು ಅಮ್ಮಾ. ಮದ್ವೆ ಆಗೋನು ಕೇಳ್ಲಿ. ನಾನೇ ಹೇಳ್ತೀನಿ.”

ಅಣ್ಣ, “ಏನು ಕಾಣ್ಬೇಕು?” ಅಂದ. ಹೊಡೆದವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ಟೈಲರನ್ನು ಆಸ್ಪತ್ರೆಗೆ ಆಟೋದಲ್ಲಿ ನಾನೇ ಕರೆದೊಯ್ದೆ. ಪೊಲೀಸರಿಗೆ ಹೇಳೋಣ ಎಂದರೆ ಅವರು, “ಆ ಅಕ್ಕನ ಮನೇಲಿ ಇನ್ನೊಂದು ಮಧ್ಯಾಹ್ನ ಇಂಗಾಗ್ತದೆ, ಬ್ಯಾಡ ಮೇಡಮ್” ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಅದನ್ನು ಇಲ್ಲಿ ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಸಂಜೆ ಹುಣಸಮಾರನಹಳ್ಳಿ ದಾಟಿ ಏರ್‌ಪೋರ್ಟ್ ರಸ್ತೆಯ ಛತ್ರಕ್ಕೆ ಹೋದೆ. ಬ್ಯಾಗಿನಲ್ಲಿ ಕರೆಯೋಲೆ ಇಟ್ಟುಕೊಂಡಿದ್ದೆ. ಇನ್ನೊಂದು ಆಟೋ ಹಿಡಿದು ಹಿಂದೆಯೇ ಬಂದು, ಆಸ್ಪತ್ರೆಯ ಹೊರಗೆ ಅದನ್ನು ನನ್ನ ಕೈಗೆ ತುರುಕಿದ್ದವಳು ಆ ಹುಡುಗಿಯೇ. ವೇದಿಕೆಯ ಮೇಲೆ ಅವಳು ಜಡೆಯನ್ನು ಮುಂದಕ್ಕೆ ಹಾಕಿಕೊಂಡಿದ್ದಳು. ನಾನು ಕೂತ ಬದಿಯ ಸಾಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ಕತ್ತರಿಸಿದ ಅಂಚನ್ನು ಮಡಿಸಿ ಹೊಲಿದಿರಲಿಲ್ಲ. ದಾರದ ಎಳೆಗಳು ನೇತಾಡುತ್ತಿದ್ದವು. ಅದರ ಕೆಳಗೆ ಬೆನ್ನಿಗೆ ಅಡ್ಡಲಾಗಿ ಹೆಬ್ಬೆರಳಿನಷ್ಟು ಅಗಲದ ಕಲೆ, ಅದರ ತುದಿಯಲ್ಲಿ ಬಕಲಿನ ಚೌಕ. ಅಣ್ಣ ಅವಳ ಪಕ್ಕದಲ್ಲೇ ನಿಂತು, ಸಾಲಿನಲ್ಲಿ ಬಂದವರಿಗೆಲ್ಲ ಕೈ ಮುಗಿಯುತ್ತಿದ್ದ. ಗಂಡು ಬಾಗಿ ಅವಳನ್ನು ಏನೋ ಕೇಳಿದ. ಅವಳು ಏನೋ ಹೇಳಿದಳು. ಅವನು ಅಣ್ಣನ ಕಡೆ ತಿರುಗಿ ನೋಡಿದ. ಆಮೇಲೆ ಜಾಗ ಬದಲಿಸಿ ಅಣ್ಣನಿಗೂ ಅವಳಿಗೂ ನಡುವೆ ನಿಂತ.

ನನ್ನ ಹಿಂದಿನ ಕುರ್ಚಿಯಲ್ಲಿ ಇಬ್ಬರು ಹೆಂಗಸರು.

“ನೋಡೇ, ಅಂಚೇ ಹೊಲ್ದಿಲ್ಲ.”

“ಈಗ ಹಂಗೇ ಕಣೇ ಫ್ಯಾಶನ್ನು. ಹರ್ಕೊಂಡಂಗೆ ಬಿಡ್ತಾರೆ. ಬೆನ್ ಮೇಲಿಂದು ಟ್ಯಾಟೂ ಇರ್ಬೇಕು.”

ಒಬ್ಬಾಕೆ ನನ್ನ ಭುಜ ತಟ್ಟಿದರು. “ರೀ, ಇದನ್ನ ಎಲ್ಲಿ ಹೊಲಿಸಿದ್ದು ಅಂತ ನಿಮಗೇನಾದ್ರೂ ಗೊತ್ತಾ?”

ನಾನು ಅಂಗಡಿಯ ದಾರಿ ಹೇಳಿದೆ. “ಆದ್ರೆ ಈಗ್ಲೇ ಹೋಗ್ಬೇಡಿ” ಎಂದೆ. “ಅವರ ಬಲಗೈ ಇಸ್ತ್ರೀಲಿ ಸುಟ್ಟಿದೆ. ಸುಟ್ಟೋರು ಅಲ್ಲಿ ಕೈ ಮುಗೀತಾ ನಿಂತಿದಾರೆ.”

ಈ ಸಲ ಮೆತ್ತಗೆ ಹೇಳಲಿಲ್ಲ.